ಮುಯ್ಯಾಳೊ, ಬಿಟ್ಟಿ ಆಳೊ?

(ಕಾರ್ಮಿಕರ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕ ಸಭೆಯ ಭಾಷಣವೆಂದರೆ ಜಮಾಖರ್ಚಿನ ವರದಿ ಮುಗಿದು ಚಹ ಬರುವವರೆಗೆ ಹೊತ್ತು ಕಳೆಯುವ ಕೆಲಸವೆಂದು ಕೆಲವರು ತಿಳಿದಿದ್ದಾರೆ. ಇಂದು ಹಾಗೆ ಹೊತ್ತು ಕಳೆಯಲು ನಮಗೆ ಮನಸ್ಸಿಲ್ಲ. ಈಗತಾನೆ ಕಾರ್ಯದರ್ಶಿಗಳು ಓದಿದ ವರದಿಯಲ್ಲಿ ಒಂದು ಸಾಲು ಬಂತು. ಪುಸ್ತಕ ಕೊಡುವ ಕೆಲಸಕ್ಕೆ ಸ್ವಯಂಸೇವಕರು ಸಿಗದ ಕಾರಣ ವಾಚನಾಲಯವನ್ನು ವಾರಕ್ಕೆ ಮೂರೇ ದಿನ ತೆರೆಯಲಾಯಿತು ಎಂದು. ಅವರು ಅದನ್ನು ಓದಿ ಮುಂದೆ ಹೋದರು. ನಮಗೆ ಮಾತ್ರ ಅದನ್ನು ದಾಟಿ ಮುಂದೆ ಹೋಗಲಾಗಲಿಲ್ಲ. ಮೂರು ದಿನವೆಂದರೆ ರಾತ್ರಿಪಾಳಿಯವನಿಗೆ ಬಾಗಿಲು ಮುಚ್ಚಿದಂತೆಯೇ ಸರಿ.

ಇದಕ್ಕೆ ಕಾರಣವೇನೆಂದು ನಾಲ್ಕು ಜನರನ್ನು ಕೇಳಿದೆವು. ಮೂವರು ಒಂದೇ ಮಾತು ಹೇಳಿದರು: "ಈಗಿನ ಹುಡುಗರಿಗೆ ಸೇವೆಯ ಮನಸ್ಸಿಲ್ಲ, ಹೊತ್ತು ಮೂಡಿದರೆ ಮೊಬೈಲು, ಮುಳುಗಿದರೆ ಮೊಬೈಲು." ಸರಿ, ಆ ಮೊಬೈಲಿನಲ್ಲಿ ಹುಡುಗರು ಏನು ಮಾಡುತ್ತಾರೆಂದು ಹುಡುಗರನ್ನೇ ಕೇಳಿದೆವು. ಸಿನಿಮಾ ನೋಡುವವರೂ ಇದ್ದಾರೆ, ಜೂಜಾಡುವವರೂ ಇದ್ದಾರೆ. ಆದರೆ ಒಬ್ಬ ನೇಕಾರನ ಮಗ ರಾತ್ರಿ ಹನ್ನೊಂದರವರೆಗೆ ಕೂತು, ಮುಖ ಕಾಣದ ಯಾರೋ ಕೇಳಿದ ಕಂಪ್ಯೂಟರಿನ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾನೆ. ಇನ್ನೊಬ್ಬ ವಿಕಿಪೀಡಿಯ ಎಂಬ ವಿಶ್ವಕೋಶಕ್ಕೆ ನಮ್ಮ ತಾಲೂಕಿನ ಕೆರೆಗಳ ಮೇಲೆ ಲೇಖನ ಬರೆಯುತ್ತಾನೆ. ಕಿರಾಣಿ ಅಂಗಡಿಯ ಹುಡುಗನೊಬ್ಬ ಊರಿನ ಯಾವ ಓಣಿಯಲ್ಲಿ ಯಾವ ಅಂಗಡಿ ಇದೆ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ಫೋನಿನ ನಕ್ಷೆಗೆ ತುಂಬಿಸುತ್ತಾನೆ. ಮೂವರಿಗೂ ಕಾಸಿಲ್ಲ, ಕೂಲಿಯಿಲ್ಲ. ಹಾಗಿದ್ದರೆ ಸೇವೆಯ ಮನಸ್ಸು ಇಲ್ಲವೆಂದು ಹೇಗೆ ಹೇಳೋಣ? ಮನಸ್ಸು ಇದೆ. ಅದು ನಮ್ಮ ಬಾಗಿಲಿಗೆ ಬರುತ್ತಿಲ್ಲ, ಅಷ್ಟೆ.

ಅಲ್ಲಿಗೆ ಏಕೆ ಹೋಗುತ್ತದೆ, ಇಲ್ಲಿಗೆ ಏಕೆ ಬರುವುದಿಲ್ಲ? ಅಲ್ಲಿ ಮಾಡಿದ ದುಡಿಮೆಗೆ ಮರ್ಯಾದೆ ಹೇಗೆ ಸಿಗುತ್ತದೆ? ಆ ದುಡಿಮೆಯ ಫಲ ಯಾರ ಕಣಜಕ್ಕೆ ಹೋಗುತ್ತದೆ? ಇಂದಿನ ವಿಷಯ ಇಷ್ಟೇ.

ಬಂಧುಗಳೆ, ಕೂಲಿಯಿಲ್ಲದ ದುಡಿಮೆಗೆ ನಮ್ಮ ಹಳ್ಳಿಗಳಲ್ಲಿ ಒಂದಲ್ಲ, ಮೂರು ಹೆಸರುಗಳಿದ್ದವು. ಮೊದಲನೆಯದು ಮುಯ್ಯಿ. ಇಂದು ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬರುತ್ತೀರಿ. ಕಾಸು ಕೈ ಬದಲಾಗುವುದಿಲ್ಲ, ಆದರೆ ಲೆಕ್ಕ ಎಲ್ಲರ ಮನಸ್ಸಿನಲ್ಲಿ ಇರುತ್ತದೆ. ಎರಡನೆಯದು ದಾಸೋಹ. ಅಲ್ಲಿ ಲೆಕ್ಕವೇ ಇಲ್ಲ. ಅಟ್ಟವನೂ ಉಂಡವನೂ ಒಂದೇ ಪಂಕ್ತಿ. ಮೂರನೆಯದು ಬಿಟ್ಟಿ ಚಾಕರಿ. ಗೌಡನ ಮನೆಗೆ ಸೌದೆ ಒಡೆಯಬೇಕು, ಸಾಹೇಬರು ಬಂದರೆ ಗಾಡಿ ಹೂಡಬೇಕು. ಒಲ್ಲೆ ಎಂದರೆ ಊರಲ್ಲಿ ಬಾಳುವಂತಿಲ್ಲ. ದೂರದಿಂದ ನೋಡಿದವನಿಗೆ ಮೂರರಲ್ಲಿಯೂ ಕಾಣುವುದು ಒಂದೇ ಬೆವರು. ಒಳಹೊಕ್ಕು ನೋಡಿದವನು ಮಾತ್ರ ಮೂರು ಪ್ರಶ್ನೆ ಕೇಳುತ್ತಾನೆ. ಕೆಲಸ ಹೇಳಿದವನು ಯಾರು? ಬೆಳೆ ಉಂಡವನು ಯಾರು? ಒಲ್ಲೆ ಎನ್ನಲು ದುಡಿದವನಿಗೆ ಬಾಯಿ ಇತ್ತೆ? ನಮ್ಮ ಸಂವಿಧಾನದ 23ನೆಯ ವಿಧಿ ಬೇಗಾರನ್ನು ನಿಷೇಧಿಸಿದೆ. ಮುಯ್ಯಿಯನ್ನು ಯಾವ ಸಂವಿಧಾನವೂ ನಿಷೇಧಿಸಿಲ್ಲ. ಈ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡು ಈ ಹೊಸ ಲೋಕವನ್ನು ನೋಡೋಣ.

ಮೊದಲು ವಿಕಿಪೀಡಿಯ. 2001ರ ಜನವರಿ 15ರಂದು ಅಮೆರಿಕದಲ್ಲಿ ಆರಂಭವಾದ ಈ ವಿಶ್ವಕೋಶಕ್ಕೆ ಬರೆಯುವವರಾರಿಗೂ ಸಂಬಳವಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಇಂಗ್ಲಿಷಿನಲ್ಲಿ ಇಂದು 70 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದ ವಿಕಿಪೀಡಿಯ 2003ರಲ್ಲಿ ಆರಂಭವಾಗಿ 30 ಸಾವಿರ ಲೇಖನಗಳನ್ನು ದಾಟಿದೆ. ಇದನ್ನು ನಡೆಸುವ ಸಂಸ್ಥೆ ಲಾಭಕ್ಕಾಗಿ ಹುಟ್ಟಿದ್ದಲ್ಲ, ಜಾಹೀರಾತು ಹಾಕುವುದಿಲ್ಲ, ಜನರ ವಂತಿಗೆಯಿಂದ ನಡೆಯುತ್ತದೆ. ಬರೆದದ್ದು ಯಾರ ಸೊತ್ತೂ ಅಲ್ಲ, ಎಲ್ಲರ ಸೊತ್ತು. "ಚಿರಸ್ಮರಣೆ" ಬರೆದ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಎಲ್ಲರೂ ಬಳಸುವಂತೆ ಬಿಟ್ಟುಕೊಟ್ಟದ್ದು ಇಂಥ ಸಾರ್ವಜನಿಕ ಕಣಜ ತುಂಬಲೆಂದೇ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂದು ಹಿರಿಯರು ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಕಾಲದಲ್ಲಿ ಸಿಗುವುದು ಕಷ್ಟ.

ಸಂಬಳವಿಲ್ಲದ ಈ ಜನ ಒಬ್ಬರನ್ನೊಬ್ಬರು ಹೇಗೆ ಗುರುತಿಸುತ್ತಾರೆ? ಅಮೆರಿಕದ ಹಳ್ಳಿಗಾಡಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬನ ದವಸ-ದನಗಳ ಕೊಟ್ಟಿಗೆ ಕಟ್ಟಬೇಕಾದರೆ ಅಕ್ಕಪಕ್ಕದವರೆಲ್ಲ ಸೇರಿ ತೊಲೆ ಎತ್ತಿ ಕಟ್ಟಿಕೊಡುತ್ತಿದ್ದರು. ಮನೆಯವರು ಊಟ ಹಾಕುತ್ತಿದ್ದರು. ನಮ್ಮ ಮುಯ್ಯಿಯೇ ಅದು, ಬೇರೆ ಅಲ್ಲ. ಅಲ್ಲಿಯ ಕೊಟ್ಟಿಗೆಗಳ ಗೋಡೆಗೆ ಅಲಂಕಾರಕ್ಕೆಂದು ಒಂದು ನಕ್ಷತ್ರ ಹಚ್ಚುವುದು ರೂಢಿ. 2003ರ ಕೊನೆಗೆ ವಿಕಿಪೀಡಿಯದವರು ಆ ನಕ್ಷತ್ರವನ್ನೇ ಎರವಲು ತಂದರು. ಅದಕ್ಕೆ ಬಾರ್ನ್‌ಸ್ಟಾರ್ ಎಂದು ಹೆಸರು. ಚೆನ್ನಾಗಿ ಕೆಲಸ ಮಾಡಿದವನ ಪುಟದಲ್ಲಿ ಇನ್ನೊಬ್ಬ ಕೆಲಸಗಾರ ಹೋಗಿ, "ನೀನು ಇಂಥ ಲೇಖನವನ್ನು ತಿದ್ದಿದ್ದು ಬಹಳ ಉಪಕಾರವಾಯಿತು" ಎಂದು ಕಾರಣ ಬರೆದು ಒಂದು ನಕ್ಷತ್ರದ ಚಿತ್ರ ಅಂಟಿಸಿ ಬರುತ್ತಾನೆ. ಸಮಿತಿಯಿಲ್ಲ, ಅರ್ಜಿಯಿಲ್ಲ, ಮಂತ್ರಿಗಳಿಲ್ಲ, ಶಾಲು ಹೊದಿಸುವುದಿಲ್ಲ. ಮಾರಲು ಹೋದರೆ ಒಂದು ಕಾಸೂ ಹುಟ್ಟದು. ಆದರೂ ಅದಕ್ಕೆ ಬೆಲೆ ಇದೆ. ಏಕೆಂದರೆ ಕೊಟ್ಟವನು ಆ ಕೆಲಸದ ಕಷ್ಟ ಬಲ್ಲವನು. ಮಗ್ಗದ ಮುಂದೆ ನಿಂತವನು "ಭೇಷ್" ಅಂದರೆ ಅದರ ತೂಕವೇ ಬೇರೆ. ಮ್ಯಾನೇಜರರ ಭೇಷ್ ಬೇರೆ.

ಇದು ಬರಿಯ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಿಕಿಪೀಡಿಯದಲ್ಲಿ ಅತಿ ಹೆಚ್ಚು ದುಡಿಯುವ, ಆದರೆ ಎಂದೂ ನಕ್ಷತ್ರ ಕಾಣದ 200 ಜನರನ್ನು ಇಬ್ಬರು ವಿದ್ವಾಂಸರು ಆರಿಸಿಕೊಂಡರು. ಚೀಟಿ ಎತ್ತಿದಂತೆ ಅವರಲ್ಲಿ ಅರ್ಧ ಜನರಿಗೆ ನಕ್ಷತ್ರ ಕೊಟ್ಟರು, ಉಳಿದರ್ಧ ಜನರಿಗೆ ಕೊಡಲಿಲ್ಲ. ಮುಂದಿನ 90 ದಿನಗಳಲ್ಲಿ ನಕ್ಷತ್ರ ಪಡೆದವರ ಕೆಲಸ ಪಡೆಯದವರಿಗಿಂತ ನೂರಕ್ಕೆ 60ರಷ್ಟು ಹೆಚ್ಚಾಗಿತ್ತು. ಒಂದು ಚಿತ್ರ, ಎರಡು ಸಾಲು ಮಾತು, ಅಷ್ಟರಿಂದ! ಆದರೆ ಅವರೇ ಮುಂದೆ ಅಲ್ಪಸ್ವಲ್ಪ ಕೆಲಸ ಮಾಡಿದವರಿಗೂ ನಕ್ಷತ್ರ ಕೊಟ್ಟು ನೋಡಿದಾಗ ಅಂಥ ಫಲ ಕಾಣಲಿಲ್ಲ. ಮಾಡದ ಕೆಲಸಕ್ಕೆ ಹೊಗಳಿಕೆ ಹಂಚಿದರೆ ಅದು ಯಾರ ಎದೆಗೂ ಇಳಿಯುವುದಿಲ್ಲ. ಜರ್ಮನ್ ವಿಕಿಪೀಡಿಯದಲ್ಲಿ ನಡೆದ ಇನ್ನೊಂದು ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಆಗಷ್ಟೆ ಬಂದು ಕೆಲಸ ಆರಂಭಿಸಿದವರಲ್ಲಿ ಕೆಲವರಿಗೆ ಹೆಸರು ಹಿಡಿದು ಗೌರವ ಸಲ್ಲಿಸಿದರು. ಮರುತಿಂಗಳೂ ಕೆಲಸ ಮುಂದುವರಿಸಿದವರ ಪ್ರಮಾಣ ನೂರಕ್ಕೆ 20ರಷ್ಟು ಏರಿತು. ಹೊಸಬ ಓಡಿಹೋಗುವುದು ಹೆಚ್ಚಾಗಿ ಮೊದಲ ದಿನಗಳಲ್ಲಿ. ಆ ದಿನಗಳಲ್ಲಿ ಅವನನ್ನು "ಬಾರಪ್ಪ" ಎಂದವರಿದ್ದರೆ ಅವನು ನಿಲ್ಲುತ್ತಾನೆ. ಯೂನಿಯನ್ನು ಕಟ್ಟಿದ ಯಾರಿಗಾದರೂ ಇದು ಗೊತ್ತಿರತಕ್ಕ ಸಂಗತಿಯೇ.

"ಅಷ್ಟು ಫಲವಿದ್ದರೆ ನಾಲ್ಕು ಕಾಸು ಕೊಟ್ಟುಬಿಡಬಹುದಲ್ಲ, ಇನ್ನೂ ಹೆಚ್ಚು ಮಾಡುತ್ತಾರೆ" ಎಂದು ನಮ್ಮ ವ್ಯಾಪಾರಿ ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇಸ್ರೇಲಿನಲ್ಲಿ ಇದನ್ನೂ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಧರ್ಮಕಾರ್ಯಕ್ಕೆ ಮನೆಮನೆ ತಿರುಗಿ ವಂತಿಗೆ ಎತ್ತುವ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರಿಯ ಒಳ್ಳೆಯ ಮಾತು. ಒಂದಕ್ಕೆ ಎತ್ತಿದ ಹಣದಷ್ಟರ ಮೇಲೆ ನೂರಕ್ಕೆ 1ರ ಇನಾಮು. ಒಂದಕ್ಕೆ ನೂರಕ್ಕೆ 10ರ ಇನಾಮು. ಎಲ್ಲರಿಗಿಂತ ಹೆಚ್ಚು ಎತ್ತಿದವರು ಯಾರು? ಏನೂ ಪಡೆಯದ ಗುಂಪು! ಎಲ್ಲರಿಗಿಂತ ಕಡಿಮೆ ಎತ್ತಿದ್ದು ನೂರಕ್ಕೆ 1 ಪಡೆದ ಗುಂಪು. ಪುಡಿಗಾಸು ಕೊಟ್ಟೊಡನೆ ಸೇವೆ ಹೋಗಿ ಕೂಲಿ ಆಯಿತು. ಕೂಲಿಯೆಂದು ನೋಡಿದರೆ ಅದು ಬಹಳ ಕಡಿಮೆ ಕೂಲಿ. ಆದುದರಿಂದ ನಾವು ಹೇಳುವುದಿಷ್ಟು: ಕೊಡುವುದಾದರೆ ನ್ಯಾಯವಾದ ಕೂಲಿ ಕೊಡು; ಇಲ್ಲವಾದರೆ ನ್ಯಾಯವಾದ ಮರ್ಯಾದೆ ಕೊಡು. ಎರಡರ ನಡುವೆ ಪುಡಿಗಾಸು ಎಸೆಯುವುದು ಎರಡಕ್ಕೂ ಅವಮಾನ.

ಇನ್ನು ಅಂಕಗಳ ವಿಚಾರ. ನೇಕಾರನ ಮಗ ರಾತ್ರಿ ಕೂತು ಉತ್ತರ ಬರೆಯುತ್ತಾನೆಂದೆವಲ್ಲ, ಅಂಥ ಜಾಗಗಳಲ್ಲಿ ಹೆಸರಾದದ್ದು ಸ್ಟ್ಯಾಕ್ ಓವರ್‌ಫ್ಲೋ. 2008ರಲ್ಲಿ ಆರಂಭವಾಯಿತು. ಕಂಪ್ಯೂಟರಿಗೆ ಕೆಲಸ ಹೇಳಿ ಬರೆಯುವವರು ಅಲ್ಲಿ ಪ್ರಶ್ನೆ ಕೇಳುತ್ತಾರೆ, ಬಲ್ಲವರು ಉತ್ತರಿಸುತ್ತಾರೆ. ಉತ್ತರ ಒಳ್ಳೆಯದೆಂದು ಒಬ್ಬ ಮತ ಹಾಕಿದರೆ ಉತ್ತರಿಸಿದವನಿಗೆ 10 ಅಂಕ. ಪ್ರಶ್ನೆ ಕೇಳಿದವನೇ ಒಪ್ಪಿಕೊಂಡರೆ 15. ಕೆಟ್ಟದೆಂದರೆ 2 ಅಂಕ ಕಡಿತ. ಅಂಕ ಏರಿದಂತೆ ಅಧಿಕಾರವೂ ಏರುತ್ತದೆ. ಅಲ್ಲಿಯ ಕಟ್ಟಲೆ ಬಹುಕಾಲ ಹೀಗಿತ್ತು: 15 ಅಂಕವಾದರೆ ಇತರರಿಗೆ ಮತ ಹಾಕಬಹುದು, 50 ಆದರೆ ಟಿಪ್ಪಣಿ ಬರೆಯಬಹುದು, 2000 ಆದರೆ ಇತರರ ಬರಹವನ್ನು ನೇರವಾಗಿ ತಿದ್ದಬಹುದು. ಇದರಲ್ಲಿ ಒಂದು ಒಳ್ಳೆಯ ಅಂಶವಿದೆ, ಅದನ್ನು ಒಪ್ಪಿಕೊಳ್ಳಬೇಕು. ದುಡಿದವನಿಗೆ ಹೊಗಳಿಕೆ ಮಾತ್ರವಲ್ಲ, ನಡೆಸುವ ಹಕ್ಕೂ ಬರುತ್ತದೆ. ನಮ್ಮ ಮಿಲ್ಲುಗಳಲ್ಲಿ 30 ವರ್ಷ ದುಡಿದವನಿಗೆ ಬಂದ ಅಧಿಕಾರವೇನು? ಗೇಟಿನಲ್ಲಿ ಸಲಾಮು ಹೊಡೆಯುವ ಅಧಿಕಾರ!

ಆದರೆ ಅಂಕಕ್ಕೆ ಇನ್ನೊಂದು ಮುಖವಿದೆ. ಆ ಜಾಗದ ಬಿಲ್ಲೆಗಳನ್ನು ಅಭ್ಯಾಸ ಮಾಡಿದ ವಿದ್ವಾಂಸರು 2013ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಇಷ್ಟು ಮತ ಹಾಕಿದರೆ ಇಂಥ ಬಿಲ್ಲೆ ಎಂದಿರುವಲ್ಲಿ, ಬಿಲ್ಲೆ ಹತ್ತಿರ ಬಂದಂತೆ ಜನ ಜೋರಾಗಿ ಆ ಕೆಲಸ ಮಾಡುತ್ತಾರೆ. ಬಿಲ್ಲೆ ಕೈಗೆ ಬಂದ ಮೇಲೆ ಆ ಕೆಲಸ ಇಳಿದುಬಿಡುತ್ತದೆ. ತುಂಡುಕೂಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಟ್‌ಹಬ್ ಎಂಬಲ್ಲಿ, ಎಷ್ಟು ದಿನ ಬಿಡುವಿಲ್ಲದೆ ಕೆಲಸ ಮಾಡಿದೆ ಎಂಬ ಎಣಿಕೆಯನ್ನು ಪ್ರತಿಯೊಬ್ಬನ ಹೆಸರಿನ ಕೆಳಗೆ ತೋರಿಸುತ್ತಿದ್ದರು. ಎಣಿಕೆ ಮುರಿಯಬಾರದೆಂದು ಜನ ಭಾನುವಾರವೂ ಏನಾದರೊಂದು ಮಾಡುತ್ತಿದ್ದರು. 2016ರಲ್ಲಿ ಆ ಎಣಿಕೆಯನ್ನು ತೆಗೆದುಹಾಕಿದರು. ವಾರದ ಕೊನೆಯ ಕೆಲಸ ಇಳಿಯಿತು. ನೋಡಿ, ವಾರದ ರಜೆಗಾಗಿ ಕಾರ್ಮಿಕರು ಎಷ್ಟು ಹೋರಾಡಿದ್ದಾರೆ! ಆ ರಜೆಯನ್ನು ಇಲ್ಲಿ ಯಾವ ಒಡೆಯನೂ ಕಿತ್ತುಕೊಳ್ಳಲಿಲ್ಲ. ಒಂದು ಅಂಕಿ ಕಿತ್ತುಕೊಂಡಿತು. ಹಿಂದೆ ಮೇಸ್ತ್ರಿ ಹಿಂದೆ ನಿಂತಿರುತ್ತಿದ್ದ, ಬೈಯಲಾದರೂ ಮುಖವಿತ್ತು. ಅಂಕಿಯನ್ನು ಯಾರು ಬೈಯುತ್ತಾರೆ?

ಈಗ ಬೆಳೆ ಉಂಡವನಾರು ಎಂಬ ಪ್ರಶ್ನೆಗೆ ಬರೋಣ. ಅಂಗಡಿಕಾರ ಬಂಧುಗಳೆ, ಇದು ನಿಮಗೆ ನೇರವಾಗಿ ತಟ್ಟುವ ಮಾತು. ಗೂಗಲ್ ಕಂಪನಿಯ ನಕ್ಷೆಯಲ್ಲಿ ನಿಮ್ಮ ಅಂಗಡಿ ಇದೆ. ಅದನ್ನು ಅಲ್ಲಿ ಹಾಕಿದವನು ಕಂಪನಿಯ ನೌಕರನಾಗಿರಬೇಕಿಲ್ಲ. ನಿಮ್ಮದೇ ಓಣಿಯ ಹುಡುಗನಿರಬಹುದು. ಒಂದು ಅಭಿಪ್ರಾಯ ಬರೆದರೆ 10 ಅಂಕ, ಒಂದು ಫೋಟೋ ಹಾಕಿದರೆ 5, ಹೊಸ ಜಾಗ ಸೇರಿಸಿದರೆ 15 ಎಂದು ಲೆಕ್ಕ. ಹತ್ತನೆಯ ಮೆಟ್ಟಲು, ಅಂದರೆ ಎಲ್ಲಕ್ಕಿಂತ ಮೇಲಿನದು, ಏರಬೇಕಾದರೆ 1 ಲಕ್ಷ ಅಂಕ ಬೇಕು. ಫೋಟೋ ಹಾಕಿಯೇ ಏರುವುದಾದರೆ 20 ಸಾವಿರ ಫೋಟೋ! ಕೊನೆಗೆ ಸಿಗುವುದು ಹೆಸರಿನ ಪಕ್ಕದಲ್ಲಿ ಒಂದು ಬಿಲ್ಲೆ. ಆ ನಕ್ಷೆಯ ಮೇಲೆ ಜಾಹೀರಾತು ಮಾರಿ ಬಂದ ಹಣ ಕಂಪನಿಗೆ. ಆ ಜಾಹೀರಾತಿಗೆ ಹಣ ಕೊಡುವವರೂ ನೀವೇ. ಊರ ದನ ಕಾದು ದೊಡ್ಡ ಬೋರೇಗೌಡ ಅನ್ನಿಸಿಕೊಂಡ ಎಂಬ ಗಾದೆ ಎಲ್ಲರಿಗೂ ಗೊತ್ತು. ದನ ಊರಿನದಾಗಿದ್ದರೆ ಬೋರೇಗೌಡನ ಹೆಸರು ಊರಿಗೇ ಹೆಮ್ಮೆ. ದನವೆಲ್ಲ ಒಬ್ಬ ಸಾಹುಕಾರನದಾಗಿದ್ದು, ಹೆಸರು ಮಾತ್ರ ಬೋರೇಗೌಡನದಾದರೆ?

ಇದು ಹೊಸದೇನಲ್ಲ. ಅಮೆರಿಕದ ಎಓಎಲ್ ಎಂಬ ಕಂಪನಿ 1990ರ ದಶಕದಲ್ಲಿ ಸಾವಿರಾರು ಸ್ವಯಂಸೇವಕರನ್ನು ಇಟ್ಟುಕೊಂಡಿತ್ತು. ಅಂತರ್ಜಾಲದಲ್ಲಿ ಹರಟುವ ಕೋಣೆಗಳಲ್ಲಿ ಶಿಸ್ತು ಕಾಯುವುದು, ಹೊಸಬರಿಗೆ ದಾರಿ ತೋರಿಸುವುದು ಅವರ ಕೆಲಸ. ಆಗ ಗಂಟೆಗಿಷ್ಟು ಎಂದು ದರ ಕೊಟ್ಟು ಸಂಪರ್ಕ ಪಡೆಯಬೇಕಾಗಿತ್ತು. ಇವರಿಗೆ ಅದನ್ನು ಬಿಟ್ಟಿಯಾಗಿ ಕೊಟ್ಟರು. ಆದರೆ ವಾರಕ್ಕಿಷ್ಟು ಗಂಟೆ ಎಂದು ಕಟ್ಟಳೆ, ತರಬೇತಿ, ಹಾಜರಿ, ವರದಿ, ಎಲ್ಲವೂ ನೌಕರರಿಗೆ ಇದ್ದಂತೆಯೇ. 1999ರಲ್ಲಿ ಕೆಲವರು ಎದ್ದು ನಿಂತು, "ನಾವು ಸ್ವಯಂಸೇವಕರಲ್ಲ, ನೌಕರರು, ಕನಿಷ್ಠ ವೇತನ ಕೊಡಿ" ಎಂದು ನ್ಯಾಯಾಲಯಕ್ಕೆ ಹೋದರು. ಹನ್ನೊಂದು ವರ್ಷ ಎಳೆದಾಡಿ 2010ರಲ್ಲಿ ಕಂಪನಿ ಒಂದೂವರೆ ಕೋಟಿ ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. ಮರುವರ್ಷ, 2011ರಲ್ಲಿ, ಇದೇ ಎಓಎಲ್ ಹಫಿಂಗ್ಟನ್ ಪೋಸ್ಟ್ ಎಂಬ ಅಂತರ್ಜಾಲ ಪತ್ರಿಕೆಯನ್ನು 31.5 ಕೋಟಿ ಡಾಲರಿಗೆ ಕೊಂಡಿತು. ಕೂಲಿಯಿಲ್ಲದೆ ಅದಕ್ಕೆ ಬರೆದಿದ್ದ ಲೇಖಕರು ಪಾಲು ಕೇಳಿ ದಾವೆ ಹೂಡಿದರು. 2012ರಲ್ಲಿ ದಾವೆ ಬಿದ್ದುಹೋಯಿತು. ಹಣ ಸಿಗುವುದಿಲ್ಲವೆಂದು ತಿಳಿದೇ ಬರೆದಿರಿ, ಈಗ ಕೇಳುವಂತಿಲ್ಲ ಎಂಬುದೇ ತೀರ್ಪಿನ ಸಾರ. ಈ ಎರಡು ದಾವೆಗಳಿಂದ ಕಲಿಯಬೇಕಾದ ಪಾಠವಿದೆ. ಹಾಜರಿ ಪುಸ್ತಕ ಇಟ್ಟಲ್ಲಿ ಕೂಲಿಗಾರನ ಹಕ್ಕು ಎದ್ದು ಬರುತ್ತದೆ. ಹಾಜರಿ ಪುಸ್ತಕದ ಬದಲು ಕೀರ್ತಿಯ ಆಸೆ ಇಟ್ಟಲ್ಲಿ ಹಕ್ಕು ಅಲ್ಲಿಯೇ ಮಲಗುತ್ತದೆ. ಜಾಣ ಒಡೆಯ ಇದನ್ನು ನಮಗಿಂತ ಮೊದಲು ಕಲಿತ.

ಸ್ಟ್ಯಾಕ್ ಓವರ್‌ಫ್ಲೋವನ್ನು 2021ರಲ್ಲಿ ಪ್ರೋಸಸ್ ಎಂಬ ಬಂಡವಾಳ ಕಂಪನಿ 180 ಕೋಟಿ ಡಾಲರಿಗೆ ಕೊಂಡಿತು. ಕೊಂಡದ್ದೇನನ್ನು? ಅಲ್ಲಿ ಬಂದು ಉತ್ತರ ಬರೆಯುವ ಜನರ ಒಕ್ಕಟ್ಟನ್ನು, ಅವರ ವರ್ಷಗಳ ದುಡಿಮೆಯನ್ನು. ಆ ದುಡಿಮೆಗೆ ಪಾಲು ಬರಲಿಲ್ಲ. 2023ರ ಜೂನ್ 5ರಂದು ಅಲ್ಲಿಯ ಸ್ವಯಂಸೇವಕ ಮೇಲ್ವಿಚಾರಕರು ಮುಷ್ಕರ ಹೂಡಿದರು. ಹೌದು ಸಂಗಾತಿಗಳೆ, ಮುಷ್ಕರವೇ! ಸಂಬಳವಿಲ್ಲದವರ ಮುಷ್ಕರ! ಸಂಬಳ ಕೊಡಿ ಎಂದು ಅವರು ಕೇಳಲಿಲ್ಲ. ಯಂತ್ರಬುದ್ಧಿ ಬರೆದ ಸುಳ್ಳುಪೊಳ್ಳು ಉತ್ತರಗಳನ್ನು ತೆಗೆದುಹಾಕಲು ಅವರಿಗಿದ್ದ ಅಧಿಕಾರವನ್ನು ಕಂಪನಿ ಅವರನ್ನು ಕೇಳದೆಯೇ ಮೊಟಕು ಮಾಡಿತ್ತು. "ನಮ್ಮನ್ನು ಕೇಳದೆ ನಮ್ಮ ಕೆಲಸದ ಕಟ್ಟಳೆ ಬದಲಿಸಬೇಡಿ" ಎಂಬುದೇ ಅವರ ಬೇಡಿಕೆಯ ತಿರುಳು. ಆಗಸ್ಟಿನಲ್ಲಿ ಒಪ್ಪಂದವಾಗಿ ಮುಷ್ಕರ ಮುಗಿಯಿತು. ಮರುವರ್ಷವೇ ಕಂಪನಿ ಅಲ್ಲಿಯ ಬರಹಗಳನ್ನು ಯಂತ್ರಬುದ್ಧಿ ತಯಾರಿಸುವ ಓಪನ್‌ಎಐ ಕಂಪನಿಗೆ ಒದಗಿಸುವ ಕರಾರು ಮಾಡಿಕೊಂಡಿತು. ಸಿಟ್ಟಿನಿಂದ ತಮ್ಮ ಉತ್ತರಗಳನ್ನು ತಾವೇ ಅಳಿಸಲು ಹೋದ ಕೆಲವರನ್ನು ಕೆಲಕಾಲ ಹೊರಗಿಟ್ಟರು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬುದು ಅಲ್ಲಿಯ ಕರಾರು. ಆ ಕರಾರಿನಿಂದಲೇ ಆ ಬರಹಗಳನ್ನು ಇಂದಿಗೂ ಯಾರು ಬೇಕಾದರೂ ಬರೆದವನ ಹೆಸರು ಹೇಳಿ ಬಳಸಬಹುದು ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ರೆಡಿಟ್ ಎಂಬ ಇನ್ನೊಂದು ಜಾಗವಿದೆ. 2023ರ ಜೂನಿನಲ್ಲಿ ಕಂಪನಿ ಹೇರಿದ ಹೊಸ ದರಗಳನ್ನು ವಿರೋಧಿಸಿ ಅಲ್ಲಿಯ ಸ್ವಯಂಸೇವಕರು ಸಾವಿರಾರು ಕಟ್ಟೆಗಳ ಬಾಗಿಲು ಹಾಕಿದರು. ಕಂಪನಿ ಬಗ್ಗಲಿಲ್ಲ. 2024ರ ಮಾರ್ಚಿನಲ್ಲಿ ಅದು ಷೇರುಪೇಟೆಗೆ ಇಳಿದಾಗ ಆ ಸ್ವಯಂಸೇವಕರಿಗೆ ಕೃತಜ್ಞತೆ ತೋರಿಸಿತು. ಹೇಗೆ? ಷೇರು ಕೊಟ್ಟು ಅಲ್ಲ. ಮೊದಲ ಬೆಲೆಗೆ ತಮ್ಮದೇ ಹಣ ಕೊಟ್ಟು ಷೇರು ಕೊಳ್ಳುವ ಅವಕಾಶ ಕೊಟ್ಟು!

ಇದೆಲ್ಲ ದೂರದೇಶದ ಕಥೆಯೆಂದು ಕೂರಬೇಡಿ. ನಮ್ಮ ಕೇರಿಗೆ ಬರುವ ಆಶಾ ಕಾರ್ಯಕರ್ತೆಯನ್ನು ನೋಡಿ. 2005ರ ಗ್ರಾಮೀಣ ಆರೋಗ್ಯ ಯೋಜನೆಯಿಂದ ಬಂದ ಈ ಹೆಂಗಸರು ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಇದ್ದಾರೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಕೊರೋನಾ ಕಾಲದಲ್ಲಿ ಮನೆಮನೆ ಸಮೀಕ್ಷೆ, ಎಲ್ಲವೂ ಇವರ ತಲೆಯ ಮೇಲೆ. ಸರಕಾರದ ಕಾಗದದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಬರುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. ಯೋಗ್ಯವಾದ ಗೌರವ, ನಾವೂ ಚಪ್ಪಾಳೆ ತಟ್ಟಿದೆವು. ಆದರೆ 2025ರ ಜನವರಿಯ ಚಳಿಯಲ್ಲಿ ಇದೇ ಪ್ರಶಸ್ತಿ ಪಡೆದ ತಾಯಂದಿರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ರಾತ್ರಿಹಗಲು ಕೂರಬೇಕಾಯಿತು. ತಿಂಗಳಿಗೆ 10,000 ರೂಪಾಯಿ ಖಚಿತವಾಗಿ ಬರುವಂತೆ ಮಾಡುತ್ತೇವೆಂಬ ಭರವಸೆ ಸಿಕ್ಕಿದ್ದು ಆ ಕೂತದ್ದರಿಂದ, ಪ್ರಶಸ್ತಿಯಿಂದಲ್ಲ. ಹೊಟ್ಟೆಪಾಡಿನ ದುಡಿಮೆಗೆ ಸೇವೆಯೆಂದು ಹೆಸರಿಟ್ಟು ಪದಕ ಹಂಚುವುದು ಬಿಟ್ಟಿ ಚಾಕರಿಗೆ ಜರಿಯಂಚಿನ ಪೇಟ ಸುತ್ತಿದಂತೆ.

ಆದುದರಿಂದ ಗೌರವಿಸುವುದೇ ಮೋಸವೆಂದು ನಾವು ಹೇಳುವುದಿಲ್ಲ. ಗೌರವ ಬೇಕು. ಗೌರವ ಕೂಲಿಯ ಜಾಗದಲ್ಲಿ ಬಂದು ಕೂತಾಗ ಮೋಸ. ಇದನ್ನು ಒರೆಗೆ ಹಚ್ಚಲು ಮೊದಲು ಹೇಳಿದ ಮೂರು ಪ್ರಶ್ನೆಗಳೇ ಸಾಕು. ವಿಕಿಪೀಡಿಯದ ಲೇಖಕನಿಗೆ ಕೆಲಸ ಹೇಳಿದವರಿಲ್ಲ. ಬೆಳೆ ಊರಿನ ಕಣಜಕ್ಕೆ. ಒಲ್ಲೆನೆಂದರೆ ನಾಳೆಯೇ ಬಿಡಬಹುದು. ಅದು ಮುಯ್ಯಿ, ಅಲ್ಲಿ ನಕ್ಷತ್ರ ನಕ್ಷತ್ರವೇ. ಕಂಪನಿಯ ನಕ್ಷೆ ತುಂಬುವ ಹುಡುಗ ಬಿಡಬಹುದು, ನಿಜ. ಅವನ ತಿದ್ದುಪಡಿಯಿಂದ ಊರಿಗೂ ಉಪಕಾರವಿದೆ. ಆದರೆ ಕಣಜದ ಬೀಗ ಕಂಪನಿಯ ಸೊಂಟದಲ್ಲಿದೆ. ಅವನು ಅರ್ಧ ಮುಯ್ಯಾಳು, ಅರ್ಧ ಬಿಟ್ಟಿ ಆಳು. ಅದನ್ನು ತಿಳಿದು ಮಾಡಲಿ. ಆಶಾ ತಾಯಿಗೆ ಕೆಲಸ ಹೇಳುವವರಿದ್ದಾರೆ, ವರದಿ ಕೇಳುವವರಿದ್ದಾರೆ, ಒಲ್ಲೆ ಎಂದರೆ ಒಲೆ ಉರಿಯುವುದಿಲ್ಲ. ಅದು ನೌಕರಿ, ಅದಕ್ಕೆ ಸಂಬಳವೇ ಮರ್ಯಾದೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಇತರರನ್ನು ಒರೆಗೆ ಹಚ್ಚಿದ ಮೇಲೆ ನಮ್ಮನ್ನೂ ಹಚ್ಚಿಕೊಳ್ಳಬೇಕಲ್ಲ! ಈ ವಾಚನಾಲಯದಲ್ಲಿ ವೈಂಡಿಂಗ್ ಖಾತೆಯ ಒಬ್ಬ ಹಿರಿಯರು ಹನ್ನೊಂದು ವರ್ಷ ಪುಸ್ತಕ ಕೊಟ್ಟರು, ಹರಿದ ಪುಸ್ತಕಕ್ಕೆ ರಟ್ಟು ಹಾಕಿದರು, ಯಾವ ಹುಡುಗನಿಗೆ ಯಾವ ಪುಸ್ತಕ ಹಿಡಿಸುತ್ತದೆಂದು ನೆನಪಿಟ್ಟುಕೊಂಡರು. ಆ ಹನ್ನೊಂದು ವರ್ಷದ ಯಾವ ವರದಿಯಲ್ಲಿಯೂ ಅವರ ಹೆಸರಿಲ್ಲ. ಈ ಮೂಲೆಯ ಬೀರು ನೋಡಿ. ಅದನ್ನು ಕೊಟ್ಟ ಸಾಹುಕಾರರ ಹೆಸರು ಅಂಗೈಯಗಲದ ಅಕ್ಷರಗಳಲ್ಲಿ ಅದರ ಮೇಲಿದೆ. ಅದರೊಳಗಿನ ಪುಸ್ತಕಗಳನ್ನು ಉಳಿಸಿದವರ ಹೆಸರು ಎಲ್ಲಿದೆ? ಅವರು ಕಾಯಿಲೆಬಿದ್ದು ಮೂರು ವಾರ ಬರದಿದ್ದಾಗ "ಬೀಗದಕೈ ಕಳಿಸಿ" ಎಂದು ಹೇಳಿ ಕಳಿಸಿದೆವು. "ಹೇಗಿದ್ದೀರಿ" ಎಂದು ಕೇಳಲು ಒಬ್ಬರೂ ಹೋಗಲಿಲ್ಲ. ಅವರು ಬೀಗದಕೈ ಕಳಿಸಿದರು, ಮತ್ತೆ ಬರಲಿಲ್ಲ. ಆ ಸಮಿತಿಯಲ್ಲಿ ನಾವೂ ಇದ್ದೆವು. ಕಂಪನಿಗಳು ಬಿಲ್ಲೆಯನ್ನಾದರೂ ಕೊಡುತ್ತವೆ; ನಾವು ಅದನ್ನೂ ಕೊಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತೇವೆ. ಒಂದು, ಯಾರು ಯಾವ ಕೆಲಸ ಮಾಡಿದರೆಂದು ವರದಿಯಲ್ಲಿ ಹೆಸರು ಹಿಡಿದು ಬರೆಯಬೇಕು. ಹಣ ಕೊಟ್ಟವರ ಪಟ್ಟಿಗಿಂತ ಮೊದಲು ದುಡಿದವರ ಪಟ್ಟಿ ಬರಬೇಕು. ಎರಡು, ಕೆಲಸ ಮಾಡುವವರಿಗೆ ನಡೆಸುವ ಹಕ್ಕು ಕೊಡಬೇಕು. ಯಾವ ಪುಸ್ತಕ ತರಿಸಬೇಕೆಂಬುದನ್ನು ಪುಸ್ತಕ ಕೊಡುವವರೇ ಓದುಗರನ್ನು ಕೇಳಿ ತೀರ್ಮಾನಿಸಲಿ. ಮೂರು, ಬಸ್ಸಿನ ಖರ್ಚನ್ನೂ ಚಹದ ಖರ್ಚನ್ನೂ ವಾಚನಾಲಯ ಭರಿಸಬೇಕು, ಸೇವೆ ಮಾಡುವವನು ಕೈಯಿಂದ ಕಳೆದುಕೊಳ್ಳಬಾರದು. ದಿನವಿಡೀ ಕೂರುವ ಕೆಲಸವಾದರೆ ಅದಕ್ಕೆ ನ್ಯಾಯವಾದ ಸಂಬಳ ಕೊಡಬೇಕು. ನಾಲ್ಕು, ಯಾರು ಹೆಚ್ಚು, ಯಾರು ಕಡಿಮೆ ಎಂದು ಅಂಕದ ಹಲಗೆ ಹಾಕಬಾರದು. ಮುಯ್ಯಿಯಲ್ಲಿ ಒಂದು ದಿನ ಬಂದವನೂ ಬಂದವನೇ.

ಇದೆಲ್ಲಕ್ಕಿಂತ ಮೊದಲು ಮಾಡತಕ್ಕದ್ದು ಇನ್ನೊಂದಿದೆ. ಆ ಹಿರಿಯರ ಮನೆ ಇಲ್ಲಿಂದ ಎರಡು ಓಣಿ ಆಚೆ. ಸಭೆ ಮುಗಿದ ಮೇಲೆ ಚಹ ಕುಡಿದು ನಾವು ಅಲ್ಲಿಗೆ ಹೋಗುವವರಿದ್ದೇವೆ. ಶಾಲು, ಹಾರ ಏನೂ ಬೇಡ. ಬೀಗದಕೈಯನ್ನು ತೆಗೆದುಕೊಂಡು ಹೋಗುವುದೂ ಬೇಡ. ಕೆಲಸ ಕೇಳಲು ಬಂದರೆಂದು ಅವರು ತಿಳಿದಾರು. ಹೇಗಿದ್ದೀರಿ ಎಂದು ಕೇಳಿ ಬರೋಣ. ಜೊತೆಗೆ ಬರುವವರು ಬನ್ನಿ.